ಅತ್ತೆ ಮಾತಾಡಿದ ಮಧ್ಯಾಹ್ನ

ಮೊನ್ನೆ ಮಿರ್ಲೆಯಿಂದ ಬಸ್ಸಿನಲ್ಲಿ ಒಂದು ಸಂಡಿಗೆ ಡಬ್ಬ ಬಂತು. ಡ್ರೈವರ್ ಪಕ್ಕದ ಎಂಜಿನ್ ಮೇಲೆ ಕೂತು ಪ್ರಯಾಣ ಮಾಡಿದ್ದರಿಂದ ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ನಾನು ಇಳಿಸಿಕೊಳ್ಳುವಾಗ ಡಬ್ಬ ಬೆಚ್ಚಗಿತ್ತು. ಮನೆಗೆ ತಂದು ಮುಚ್ಚಳ ತೆಗೆದರೆ ಜೀರಿಗೆ, ಹಸಿಮೆಣಸಿನಕಾಯಿ, ಬಿಸಿಲು ಮೂರೂ ಸೇರಿದ ವಾಸನೆ. ಬಿಸಿಲಿಗೂ ವಾಸನೆ ಇರುತ್ತದೆಯೇ ಎಂದು ನೀವು ಕೇಳಬಹುದು. ಸಂಡಿಗೆ ಕಾದವರನ್ನು ಕೇಳಿ ನೋಡಿ, ಇದೆ ಅನ್ನುತ್ತಾರೆ.

ನಾನು ಸಂಡಿಗೆ ಕಾಯುತ್ತಲೇ ದೊಡ್ಡವನಾದವನು. ನಮ್ಮೂರು ಪಿರಿಯಾಪಟ್ಟಣದ ಕಡೆ. ಬೇಸಿಗೆ ರಜ ಬಂತೆಂದರೆ ನನ್ನ ಕೈಗೊಂದು ಉದ್ದನೆಯ ಕೋಲು ಕೊಟ್ಟು ಅಂಗಳದಲ್ಲಿ ಕೂರಿಸುತ್ತಿದ್ದರು. ಹಳೇ ಪಂಚೆಯ ಮೇಲೆ ಅವ್ವ ಬೆಳಿಗ್ಗೆ ಇಟ್ಟ ಅಕ್ಕಿ ಸಂಡಿಗೆ ಮಧ್ಯಾಹ್ನದ ಹೊತ್ತಿಗೆ ಮೇಲೆ ಒಣಗಿ, ಕೆಳಗೆ ಇನ್ನೂ ಮೆತ್ತಗಿರುತ್ತದಲ್ಲ, ಆ ಹದದಲ್ಲಿ ಅದನ್ನು ಎಬ್ಬಿಸಿ ಬಾಯಿಗೆ ಹಾಕಿಕೊಂಡರೆ ಅದರ ರುಚಿಯೇ ಬೇರೆ. ಕರಿದ ಸಂಡಿಗೆಗೆ ಅದು ಬರುವುದಿಲ್ಲ. ಪಂಚೆಯ ಮೇಲಿನ ಖಾಲಿ ಜಾಗ ನೋಡಿ ಅವ್ವ ಕೇಳಿದರೆ ಕಾಗೆ ಕಚ್ಚಿಕೊಂಡು ಹೋಯಿತು ಅನ್ನುತ್ತಿದ್ದೆ.

"ಕಾಗೆ ತುಟಿಗೆ ಜೀರ್ಗೆ ಅಂಟ್ಕಂಡಿರಕಿಲ್ಲ ಕಣ್ಲಾ" ಅನ್ನುತ್ತಿದ್ದಳು ಅವ್ವ, ಸೆರಗಿನಲ್ಲಿ ನನ್ನ ಬಾಯಿ ಒರೆಸುತ್ತ.

ಆ ಬಿಸಿಲಿನಲ್ಲಿ ಕೂತದ್ದಕ್ಕೆ ನನಗೆ ಏನೂ ಆಗಲಿಲ್ಲ. ಆಗಿದ್ದರೂ ಅದಕ್ಕೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಹೆಸರು, ಉಷ್ಣ. ಮೂಗಿನಲ್ಲಿ ರಕ್ತ ಬಂದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಗಣಿತದಲ್ಲಿ ನಾನು ಫೇಲಾದದ್ದೂ ತಲೆಗೆ ಏರಿದ ಉಷ್ಣದಿಂದಲೇ. ಎಲ್ಲಕ್ಕೂ ನೆತ್ತಿಗೆ ಹರಳೆಣ್ಣೆ. ಬಿಸಿಲ ಹೊಡೆತಕ್ಕೆ ಜನ ಸತ್ತರು ಎಂದು ಪೇಪರಿನಲ್ಲಿ ಓದಿದರೆ, ಅದು ರಾಯಚೂರು, ಕಲಬುರಗಿ ಕಡೆಯವರ ಪಾಡು, ಪಾಪ, ಎಂದುಕೊಂಡು ಪುಟ ತಿರುಗಿಸುತ್ತಿದ್ದೆವು. ಒಂದು ಕಡೆ ಕಾಲುವೆ ನೀರು, ಇನ್ನೊಂದು ಕಡೆ ಕಾಡು ಇರುವ ನಮಗೆ ಅಂಥದ್ದು ಬರುವುದುಂಟೇ?

ಬಂತು. ಬಂದದ್ದು ನನ್ನ ಅತ್ತೆಗೆ. ಆಗ ಮನೆಯಲ್ಲಿದ್ದವನು ನಾನೊಬ್ಬನೇ.

ಅತ್ತೆ ಪುಟ್ಟತಾಯಮ್ಮ ನನ್ನ ಹೆಂಡತಿ ಸವಿತಳ ತಾಯಿ. ಮಿರ್ಲೆಯಲ್ಲಿ ಮಗ ಮಹದೇವ, ಸೊಸೆಯ ಜೊತೆ ಇದ್ದಾರೆ. ಗದ್ದೆ ಇದೆ, ಎರಡು ಹಸು ಇವೆ, ಅವರ ಗಂಟಲಿಗೆ ಇಡೀ ಬೀದಿ ಹೆದರುತ್ತದೆ. ಆದರೆ ನಾನು ಹೊಸ್ತಿಲು ದಾಟಿದ ತಕ್ಷಣ ಆ ಗಂಟಲು ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಅಳಿಯನ ಮುಂದೆ ಕೂರಬಾರದು, ಅಳಿಯನ ಮುಖ ನೋಡಿ ಮಾತಾಡಬಾರದು ಎಂಬುದು ಅವರ ತಾಯಿಯ ಕಾಲದ ಕಟ್ಟುಪಾಡು. ಉಳಿದ ಮನೆಗಳಲ್ಲಿ ಅದು ಯಾವತ್ತೋ ಸಡಿಲವಾಯಿತು. ನಮ್ಮ ಅತ್ತೆ ಮಾತ್ರ ಬಿಟ್ಟುಕೊಡಲಿಲ್ಲ. ಮದುವೆಯಾದಾಗಿನಿಂದ ನಾನು ಅವರನ್ನು ನೋಡಿರುವುದು ಬಾಗಿಲ ಸಂದಿಯಲ್ಲಿ ಸರಿದುಹೋಗುವ ಸೀರೆಯ ಅಂಚಾಗಿ ಮಾತ್ರ.

ಹಾಗೆಂದು ಉಪಚಾರದಲ್ಲಿ ಕೊರತೆಯಿರಲಿಲ್ಲ. ಮಾತು ಬೇರೆ ದಾರಿ ಹಿಡಿದು ಬರುತ್ತಿತ್ತು ಅಷ್ಟೇ. ಅಡುಗೆಮನೆಯಿಂದ ಸವಿತಳಿಗೆ ಹೇಳುತ್ತಿದ್ದರು, ಸವಿತ ಇಲ್ಲದಿದ್ದರೆ ಸೊಸೆಗೆ, ಅವಳೂ ಇಲ್ಲದಿದ್ದರೆ ಕೊಟ್ಟಿಗೆಯ ಕರುವಿಗೆ. "ಅಳಿಯಂದ್ರಿಗೆ ಕಾಫಿ ಇಟ್ಟಿವ್ನಿ, ಆರೋಯ್ತದೆ ಅಂತ ಯೋಳವ್ವ" ಎಂದು ಕರುವಿನ ಬೆನ್ನು ಸವರುತ್ತ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ನಾನೂ ಕರುವಿಗೇ ಥ್ಯಾಂಕ್ಸ್ ಹೇಳಿ ಕಾಫಿ ಕುಡಿದಿದ್ದೇನೆ.

ನನ್ನದು ಕೆ.ಆರ್. ನಗರದಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟುಗಳನ್ನು ಬಿಚ್ಚಿ, ಕಪ್ಪಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಬೇಸಿಗೆಯೇ ನಮಗೆ ಸುಗ್ಗಿ. ಆ ವರ್ಷ ಏಪ್ರಿಲ್‌ನಲ್ಲಿ ಮಹದೇವನ ಬೋರಿನ ಮೋಟಾರೂ ಸುಟ್ಟಿತು. ಸುತ್ತಿಟ್ಟದ್ದನ್ನು ಕೂರಿಸಲು ನಾನೇ ಮಿರ್ಲೆಗೆ ಹೋದೆ. ಮಹದೇವ, ಅವನ ಹೆಂಡತಿ ಹುಣಸೂರಿನಲ್ಲಿ ಯಾರದೋ ಮದುವೆಗೆ ಹೊರಟುಹೋಗಿದ್ದರು. ಸವಿತ ಕೆ.ಆರ್. ನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸು, ಅವಳಿಗೆ ಅಂದು ಡ್ಯೂಟಿ.

ಬೆಳಿಗ್ಗೆ ಹೊಲದಲ್ಲಿ ಮೋಟಾರು ಕೂರಿಸಿ, ನೀರು ಬರಿಸಿ, ಮನೆಗೆ ಬಂದೆ. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಪಕ್ಕದ ಮನೆಯ ಕಾಂಪೌಂಡಿನ ಮೇಲೆ ಒಂದು ತಲೆ ಕಾಣಿಸಿಕೊಂಡಿತು. ಅದು ಜಯಮ್ಮನವರದು. ಅತ್ತೆಯ ಓರಗೆಯವರು, ಆದರೆ ನಾಚಿಕೆ ಅನ್ನುವುದನ್ನು ಅವರು ಎಲ್ಲಿಯೂ ಎದುರುಗೊಂಡಂತಿಲ್ಲ.

"ಅಳಿಮಯ್ಯ, ನಿಮ್ಮತ್ತೆ ಸಂಡ್ಗೆ ಇಕ್ಕವ್ಳೆ ತಾರ್ಸಿ ಮ್ಯಾಲೆ. ಮುದ್ದೆ ಸಾರು ಮುಚ್ಚಿಟ್ಟೈತಂತೆ, ಉಣ್ಬೇಕಂತೆ. ನಿಮ್ಗೇ ಅಂತೆ ಸಂಡ್ಗೆ!"

ತಾರಸಿಯಿಂದ ಜಯಮ್ಮನಿಗೆ, ಜಯಮ್ಮನಿಂದ ನನಗೆ. ನಾನು ಮೇಲೆ ನೋಡಿದೆ. ಕಾಗೆ ಬೆದರಿಸಲು ಕೋಲಿಗೆ ಕಟ್ಟಿದ ಕಪ್ಪು ಬಟ್ಟೆ ಅಲ್ಲಾಡುವುದು ಮಾತ್ರ ಕಂಡಿತು. ಉಂಡೆ. ಶೆಕೆ ಎಷ್ಟಿತ್ತೆಂದರೆ ಗೋಡೆಗೆ ಒರಗಿದರೆ ಗೋಡೆಯೂ ಬಿಸಿ. ಅಂಗಿ, ಬನೀನು ಎರಡೂ ಕಳಚಿ ಹಜಾರದ ನೆಲದ ಮೇಲೆ ಫ್ಯಾನಿನ ಕೆಳಗೆ ಬಿದ್ದುಕೊಂಡೆ. ಮನೆಯಲ್ಲಿ ಯಾರೂ ಇಲ್ಲವಲ್ಲ ಎಂದು ಆರಾಮವಾಗಿ ಕೈಕಾಲು ಚಾಚಿಕೊಂಡು ನಿದ್ದೆ ಹೋದೆ.

ಎಚ್ಚರವಾದದ್ದು ಸದ್ದಿಗೆ. ಹೊರಗಿನ ಮೆಟ್ಟಿಲ ಮೇಲೆ ಸ್ಟೀಲ್ ಬೇಸನ್ ಉರುಳುತ್ತ, ಒಂದೊಂದೇ ಮೆಟ್ಟಿಲಿಗೆ ಬಡಿಯುತ್ತ ಅಂಗಳಕ್ಕೆ ಬಂದು ಬಿತ್ತು.

"ಅತ್ತೆ?" ಎಂದು ಕೂಗಿದೆ.

ಉತ್ತರವಿಲ್ಲ. ಉತ್ತರ ಬರದಿದ್ದರೆ ನಮ್ಮಲ್ಲಿ ಎಲ್ಲ ಸರಿಯಾಗಿದೆ ಎಂದೇ ಅರ್ಥ. ಹಾಗಾಗಿ ಮಗ್ಗುಲು ಬದಲಿಸಿ ಮತ್ತೆ ಮಲಗಲು ನೋಡಿದೆ. ಆದರೆ ಬಿದ್ದ ಬೇಸನ್ನನ್ನು ಎತ್ತಿಕೊಳ್ಳಲು ಯಾರೂ ಇಳಿದು ಬರಲಿಲ್ಲ. ಪಾತ್ರೆ ಬಿದ್ದರೆ ಅದನ್ನು ಎತ್ತದೆ ಬಿಡುವ ಹೆಂಗಸಲ್ಲ ಅವರು. ಎದ್ದು, ಟವೆಲ್ ಹೊದ್ದು, ಮೆಟ್ಟಿಲು ಹತ್ತಿದೆ.

ಅತ್ತೆ ತಾರಸಿಯ ನಡುವೆ ಬರಿ ಬಿಸಿಲಿನಲ್ಲಿ ನಿಂತಿದ್ದರು. ಕಾಲಡಿಯಲ್ಲಿ ಸಂಡಿಗೆಗಳು ಪುಡಿಪುಡಿಯಾಗಿದ್ದವು. ತಲೆಯ ಮೇಲಿನ ಸೆರಗು ಜಾರಿ ಹಿಂದೆ ಬಿದ್ದಿತ್ತು. ಮುಖ ಕೆಂಡದ ಬಣ್ಣ. ನಿಂತಲ್ಲೇ ತೂಗುತ್ತಿದ್ದರು. ನನ್ನ ಹೆಜ್ಜೆ ಸದ್ದು ಕೇಳಿ ತಿರುಗಿದರು. ತಿರುಗಿ, ನನ್ನ ಮುಖವನ್ನೇ ನೇರವಾಗಿ ನೋಡಿ, ನಕ್ಕರು.

"ಚೆಲುವಾ, ಯಾವಾಗ್ ಬಂದ್ಯೋ? ಉಂಡ್ಯೇನ್ಲಾ?"

ಚೆಲುವ ಅವರ ತಮ್ಮ. ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು, ನಾನು ಫೋಟೋದಲ್ಲಿ ಮಾತ್ರ ನೋಡಿದ್ದೆ. ಅಷ್ಟರಲ್ಲಿ ಅವರ ಮೊಣಕಾಲು ಕುಸಿಯಿತು, ಓಡಿಹೋಗಿ ಹಿಡಿದುಕೊಂಡೆ. ಹಿಡಿದ ಕೈ ಬೆಚ್ಚಿತು. ಮೈ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ. ನೆರಳಿಲ್ಲದ ಹೊಲದಲ್ಲಿ ಇಡೀ ದಿನ ಓಡಿದ ಮೋಟಾರಿನ ಮೈ ಮುಟ್ಟಿದ ಹಾಗಿತ್ತು.

ಸವಿತಳಿಗೆ ಫೋನು ಮಾಡಿದೆ. ಜ್ವರ ಬಂದಿದೆ, ತಲೆ ಸುತ್ತಿ ಬಿದ್ದರು, ಏನೇನೋ ಮಾತಾಡುತ್ತಿದ್ದಾರೆ ಎಂದು ತೊದಲಿದೆ.

"ಯಾರ ಹತ್ರ ಮಾತಾಡ್ತಿದಾರೆ?"

"ನನ್ನ ಹತ್ರ."

"ನಿಮ್ಮ ಹತ್ರಾನಾ? ಮುಖ ನೋಡಿ?"

"ಮುಖ ನೋಡಿ ಕಣೇ. ನಕ್ಕರು ಬೇರೆ."

ಆ ಕಡೆಯಿಂದ ಆಮೇಲೆ ಬಂದದ್ದು ನನ್ನ ಹೆಂಡತಿಯ ದನಿಯಲ್ಲ, ನರ್ಸಿನ ದನಿ. "ರೀ, ಇದು ಜ್ವರ ಅಲ್ಲ. ಬಿಸಿಲಿಗೆ ಆಗಿರೋದು. ಆಂಬ್ಯುಲೆನ್ಸ್‌ಗೆ ಇನ್ನೊಂದು ಫೋನಿಂದ ನಾನು ಹೇಳ್ತೀನಿ. ಅದು ಬರೋವರೆಗೂ ಕಾಯ್ತಾ ಕೂರಬೇಡಿ. ಮೊದಲು ನೆರಳಿಗೆ ತನ್ನಿ. ಸ್ಪೀಕರ್ ಹಾಕ್ಕೊಳ್ಳಿ, ಫೋನ್ ಇಡಬೇಡಿ."

ಫೋನನ್ನು ಲುಂಗಿಯ ಸೊಂಟದ ಮಡಿಕೆಗೆ ಸಿಕ್ಕಿಸಿ ಅತ್ತೆಯನ್ನು ಹೆಗಲಿಗೆ ಎತ್ತಿಕೊಂಡೆ. ಕಂಬಿಯಿಲ್ಲದ ಮೆಟ್ಟಿಲು. ಐದು ಎಚ್.ಪಿ. ಮೋಟಾರು ಹೊತ್ತು ಬಾವಿಗೆ ಇಳಿದವನು ನಾನು, ಅವರು ಅದಕ್ಕಿಂತ ಹಗುರವಾಗಿದ್ದರು. ಆದರೂ ಅಷ್ಟು ಹೆದರಿ ಯಾವ ಮೆಟ್ಟಿಲನ್ನೂ ಇಳಿದಿರಲಿಲ್ಲ. ಮನೆಯ ಪಕ್ಕದಲ್ಲಿ ಹೊಂಗೆ ಮರದ ಕೆಳಗೆ ನೀರಿನ ತೊಟ್ಟಿ ಇದೆ. ಅಲ್ಲಿ ಚಾಪೆ ಎಳೆದು ಮಲಗಿಸಿದೆ.

"ಈಗ ಸೀರೆ ಬಿಚ್ಚಿ. ಅದು ಪಾಲಿಯೆಸ್ಟರು, ಶಾಖ ಬಿಡಲ್ಲ. ಕುಪ್ಪಸದ ಹುಕ್ಕು ತೆಗೀರಿ. ನೀರು ಸುರೀರಿ, ಮೈಯೆಲ್ಲ."

"ನಾನಾ?"

"ಇನ್ಯಾರಿದಾರೆ ಅಲ್ಲಿ?"

"ಜಯಮ್ಮನವರನ್ನ ಕರೀತೀನಿ ಕಣೇ. ನಿಮ್ಮಮ್ಮ ಆಮೇಲೆ ನನ್ನ..."

"ಆಮೇಲೆ ಅನ್ನೋದು ಇರಬೇಕಲ್ಲ ರೀ ಮೊದಲು!" ಎಂದು ಕಿರುಚಿದಳು.

ಜಯಮ್ಮನವರನ್ನು ಕೂಗುತ್ತಲೇ ಬಿಚ್ಚಿದೆ. ಕೂದಲೆಳೆಯಂಥ ತಂತಿ ಸುತ್ತುವ ಈ ಬೆರಳುಗಳಿಗೆ ಒಂದು ಹುಕ್ಕು ಸಿಗಲಿಲ್ಲ. ಸಿಕ್ಕಿತು. ಹಗ್ಗದ ಮೇಲೆ ಒಣಗುತ್ತಿದ್ದ ಮಹದೇವನ ತೆಳುವಾದ ಪಂಚೆಯನ್ನು ತೊಟ್ಟಿಯಲ್ಲಿ ಅದ್ದಿ ಅವರ ಮೇಲೆ ಹೊದಿಸಿ, ಚೊಂಬಿನಿಂದ ಅದರ ಮೇಲೆ ನೀರು ಸುರಿಯತೊಡಗಿದೆ.

ಜಯಮ್ಮ ಓಡಿ ಬಂದರು. ಒಂದು ಕೈಯಲ್ಲಿ ಮಜ್ಜಿಗೆ ಲೋಟ, ಇನ್ನೊಂದರಲ್ಲಿ ಕಂಬಳಿ. ನೋಡಿದವರೇ ಎದೆ ಬಡಿದುಕೊಂಡರು.

"ಅಯ್ಯೋ ಅಳಿಮಯ್ಯ, ಏನ್ ಮಾಡ್ತಿದೀರಿ? ಮೈ ಕಾದಿರೋವಾಗ ತಣ್ಣೀರ್ ಉಯ್ದ್ರೆ ಲಕ್ವ ಒಡೀತದೆ ಕಣಪ್ಪ! ನಿಲ್ಸಿ, ನಿಲ್ಸಿ!"

ನನ್ನ ಕೈಯ ಚೊಂಬು ಅರ್ಧಕ್ಕೇ ನಿಂತಿತು. ಇದೇ ಮಾತನ್ನು ನಮ್ಮವ್ವನೂ ಹೇಳುತ್ತಿದ್ದಳು. ಬಿಸಿಲಿಂದ ಬಂದವರು ಬೆವರು ಆರುವವರೆಗೆ ಕಾಲು ಕೂಡ ತೊಳೆಯುವಂತಿರಲಿಲ್ಲ. ಅತ್ತೆಯ ಕಣ್ಣು ಮೇಲಕ್ಕೆ ಹೊರಳಿತ್ತು.

ಫೋನಿನೊಳಗಿಂದ ಸವಿತ ಕೂಗಿದಳು. "ಜಯಕ್ಕ, ಲಕ್ವ ಏನೂ ಹೊಡೆಯಲ್ಲ! ಮೈ ತಣ್ಣಗಾಗದೇ ಇದ್ರೇನೇ ಅಮ್ಮ ಉಳಿಯಲ್ಲ. ಬಾಯಿಗೆ ಏನೂ ಹಾಕಬೇಡಿ, ಮಜ್ಜಿಗೆನೂ ಬೇಡ, ಮಾತ್ರೆನೂ ಬೇಡ, ಪ್ರಜ್ಞೆ ಇಲ್ಲದವರಿಗೆ ಕುಡಿಸಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ. ನಿಮ್ಮ ಫ್ರಿಜ್ಜಲ್ಲಿ ಐಸ್ ಇದ್ರೆ ತನ್ನಿ ಜಯಕ್ಕ, ಕೈ ಮುಗೀತೀನಿ."

ಜಯಮ್ಮ ಒಂದು ಗಳಿಗೆ ಫೋನನ್ನು, ಒಂದು ಗಳಿಗೆ ಗೆಳತಿಯನ್ನು ನೋಡಿದರು. ಆಮೇಲೆ ಮಜ್ಜಿಗೆಯನ್ನು ಮರದ ಬುಡಕ್ಕೆ ಚೆಲ್ಲಿ ಓಡಿದರು. ತಿರುಗಿ ಬಂದಾಗ ಐಸಿನ ತಟ್ಟೆಯ ಜೊತೆಗೆ ಗಟ್ಟಿಯಾಗಿ ಹೆಪ್ಪುಗಟ್ಟಿದ ಮೀನಿನ ಎರಡು ಪೊಟ್ಟಣಗಳೂ ಇದ್ದವು. ಐಸು ಬಟ್ಟೆಯಲ್ಲಿ ಸುತ್ತಿ ಕತ್ತಿಗೆ, ಮೀನು ಎರಡು ಕಂಕುಳಿಗೆ. ನಾನು ಒಳಗಿನ ಟೇಬಲ್ ಫ್ಯಾನು ತಂದು, ಎಕ್ಸ್‌ಟೆನ್ಷನ್ ವೈರು ಎಳೆದು, ನೀರು ಹರಿಯದ ಕಡೆ ಎತ್ತರದ ಸ್ಟೂಲಿನ ಮೇಲೆ ಇಟ್ಟೆ. ನೀರು, ಕರೆಂಟು ಒಂದು ಕಡೆ ಸೇರಬಾರದು ಎಂಬ ನನ್ನ ಕಸುಬಿನ ಪಾಠ ಆ ಗಾಬರಿಯಲ್ಲೂ ಮರೆತಿರಲಿಲ್ಲ, ಪುಣ್ಯ. ಫ್ಯಾನು ಬೀಸಿತು, ನಾನು ಸುರಿದೆ, ಜಯಮ್ಮ ಕೈಕಾಲು ಒದ್ದೆ ಬಟ್ಟೆಯಲ್ಲಿ ತಿಕ್ಕಿದರು.

ಅತ್ತೆ ತುಟಿ ಅಲ್ಲಾಡಿಸಿದರು. "ಲೇ ಚೆಲುವ, ಬುಡ್ಲಾ... ನೀರ್ ಎರಚ್‌ಬ್ಯಾಡ... ಅವ್ವಂಗ್ ಯೋಳ್ತೀನಿ ನೋಡು."

ಯಾವ ಕಾಲುವೆಯ ದಂಡೆಯಲ್ಲಿದ್ದರೋ ಅವರು. ಎಷ್ಟು ವರ್ಷದ ಹುಡುಗಿಯಾಗಿದ್ದರೋ.

"ಯೋಳಕ್ಕ, ಯೋಳು. ಒಸಿ ತಡ್ಕೊ, ಆಯ್ತು" ಎಂದೆ. ಆ ಮಾತು ನನ್ನ ಬಾಯಿಗೆ ಹೇಗೆ ಬಂತೋ ತಿಳಿಯದು. ಜಯಮ್ಮ ತಲೆಯೆತ್ತಿ ನನ್ನನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಫೋನಿನಲ್ಲಿ ಸವಿತ ಅಳುವುದು ಕೇಳುತ್ತಿತ್ತು.

ಆಮೇಲೆ ಅತ್ತೆ ಮಾತನ್ನೂ ನಿಲ್ಲಿಸಿದರು. ಅದು ಬಹಳ ಕೆಟ್ಟ ಹೊತ್ತು. ಉಸಿರು ನಾಯಿಯ ತೇಕಿನ ಹಾಗೆ ಓಡುತ್ತಿತ್ತು. ಸುರಿಯುತ್ತಲೇ ಇದ್ದೆ. ತೊಟ್ಟಿಯ ನೀರು ಇಳಿಯಿತು, ಚೊಂಬು ತಳಕ್ಕೆ ಬಡಿಯತೊಡಗಿತು. ಅಂಗಳವೆಲ್ಲ ಕೆಸರು. ದೇವರ ಹೆಸರು ಯಾವುದೂ ನೆನಪಾಗಲಿಲ್ಲ, "ಅತ್ತೆ, ಅತ್ತೆ" ಅನ್ನುತ್ತಿದ್ದೆ ಅಷ್ಟೇ.

ಮೈ ಮುಟ್ಟಿ ನೋಡಿದ ಜಯಮ್ಮ, "ಇಳೀತೈತೆ ಕಣಪ್ಪ, ಬಿಸಿ ಇಳೀತೈತೆ" ಎಂದರು. ಹೌದು, ಕೈ ತಡೆಯುವ ಹಾಗಾಗಿತ್ತು. ಸ್ವಲ್ಪ ಹೊತ್ತಿಗೆ ಅತ್ತೆ ನರಳಿದರು. ಕಣ್ಣು ಬಿಡಲಿಲ್ಲ. ಆದರೆ ಬಲಗೈ ಮೆಲ್ಲಗೆ ಎದ್ದು, ಹೆಗಲ ಹತ್ತಿರ ತಡವರಿಸಿ, ಇಲ್ಲದ ಸೆರಗನ್ನು ಹುಡುಕಿತು. ಒದ್ದೆ ಪಂಚೆಯ ಅಂಚು ಸಿಕ್ಕಿತು. ಅದನ್ನೇ ತಲೆಯ ಮೇಲೆ ಎಳೆದುಕೊಳ್ಳಲು ನೋಡಿತು.

"ಸೆರಗು ಹುಡುಕ್ತಾ ಇದಾರೆ ಕಣೇ" ಎಂದೆ ಫೋನಿಗೆ.

"ಹುಡುಕ್ತಿದಾರಾ?" ಸವಿತ ಅಳುತ್ತಲೇ ನಕ್ಕಳು. "ಹಾಗಾದ್ರೆ ಪ್ರಜ್ಞೆ ಬರ್ತಿದೆ ರೀ. ನಿಮ್ಮನ್ನ ಗುರುತು ಹಿಡಿದಿದಾರೆ."

ಆಂಬ್ಯುಲೆನ್ಸ್ ಬಂತು. ನರ್ಸಿಂಗ್ ಹೋಮಿನ ಬಾಗಿಲಲ್ಲೇ ಸವಿತ ನಿಂತಿದ್ದಳು. ಲುಂಗಿ ಮಾತ್ರ ಉಟ್ಟು, ಮೊಣಕಾಲವರೆಗೆ ಕೆಸರಾಗಿ, ಕೈಯಲ್ಲಿ ಮೀನಿನ ಪೊಟ್ಟಣ ಹಿಡಿದು ಆಂಬ್ಯುಲೆನ್ಸಿನಿಂದ ಇಳಿದ ನನ್ನನ್ನು ನೋಡಿ ಅಲ್ಲಿದ್ದ ವಾಚ್‌ಮನ್ ಪೇಶೆಂಟ್ ನಾನೇ ಎಂದುಕೊಂಡ.

ಡಾಕ್ಟರು ನಂತರ ಹೇಳಿದ್ದು ಇಷ್ಟು: ಮನೆಯಲ್ಲೇ ತಣ್ಣಗೆ ಮಾಡಿ ತಂದದ್ದರಿಂದ ಉಳಿದರು, ಕಾಯುತ್ತ ಕೂತಿದ್ದರೆ ಕಿಡ್ನಿ, ಮಿದುಳಿನ ಗತಿ ಹೇಳಲಾಗುತ್ತಿರಲಿಲ್ಲ. ಅತ್ತೆ ತೆಗೆದುಕೊಳ್ಳುತ್ತಿದ್ದ ಬಿ.ಪಿ. ಮಾತ್ರೆಯಲ್ಲಿ ಮೈಯ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುವ ಔಷಧಿಯೂ ಇತ್ತಂತೆ. ಅಂಥವರು, ವಯಸ್ಸಾದವರು, ಬಾಯಾರುವವರೆಗೆ ಕಾಯಬಾರದು, ಆಗಾಗ ಕುಡಿಯುತ್ತಲೇ ಇರಬೇಕಂತೆ. ಬೆಳಗಿನ ಜಾವದಿಂದ ಒಲೆಯ ಮುಂದೆ ಕೂತು ಗಂಜಿ ತಿರುವಿದವರು, ಆಮೇಲೆ ಕಾದ ತಾರಸಿಯ ಮೇಲೆ ಕೂತರು. ಮೇಲಕ್ಕೆ ಒಯ್ದ ಒಂದು ಚೊಂಬು ನೀರನ್ನೂ ಸಂಡಿಗೆಯ ಪಂಚೆ ನೆನೆಸಲು ಬಳಸಿದ್ದರು.

ಆಸ್ಪತ್ರೆಯಲ್ಲಿ ಅತ್ತೆಗೆ ಪೂರ್ತಿ ಎಚ್ಚರವಾದಾಗ ನಾನು ಕಾಲ ಕಡೆ ನಿಂತಿದ್ದೆ. ಡ್ರಿಪ್ ಹಾಕಿದ್ದ ಕೈಯಿಂದಲೇ ಹೊದಿಕೆಯನ್ನು ಹಣೆಯವರೆಗೆ ಎಳೆದುಕೊಂಡು ಮಗಳಿಗೆ ಹೇಳಿದರು, "ಅಳಿಯಂದ್ರು ಏನಾರಾ ತಿಂದ್ರಾ ಕೇಳವ್ವ." ಸ್ವಲ್ಪ ತಡೆದು, "ನನ್ ಮೈಯಲ್ಲಿ ಯಾಕವ್ವ ಮೀನ್ ವಾಸ್ನೆ?" ಎಂದರು.

ಅತ್ತೆಯನ್ನು ಮಿರ್ಲೆಗೆ ಕರೆದೊಯ್ದ ಮೇಲೆ ಸವಿತ ಎಲ್ಲರನ್ನೂ ಕೂರಿಸಿ ಪಾಠ ಮಾಡಿದಳು. ಬೇಸಿಗೆಯಲ್ಲಿ ಸಂಡಿಗೆಯಾಗಲಿ, ಕಳೆಯಾಗಲಿ ಬಿಸಿಲೇರುವ ಮೊದಲೇ ಮುಗಿಯಬೇಕು. ತಲೆ ಸುತ್ತಿದರೆ, ಕಾಲು ಹಿಡಿದುಕೊಂಡರೆ, ವಾಕರಿಕೆ ಬಂದರೆ ಅಲ್ಲೇ ಕೆಲಸ ಬಿಟ್ಟು ನೆರಳಿಗೆ ಬಂದು ಉಪ್ಪು ಸಕ್ಕರೆ ಹಾಕಿದ ನೀರನ್ನು ನಿಧಾನಕ್ಕೆ ಕುಡಿಯಬೇಕು. ಮಾತು ಹೆಚ್ಚುಕಡಿಮೆಯಾದರೆ ಬಾಯಿಗೆ ಕುಡಿಸುವುದಲ್ಲ, ಮೈಮೇಲೆ ಸುರಿಯುವುದು. ಸುರಿಯುತ್ತಲೇ ಆಂಬ್ಯುಲೆನ್ಸಿಗೆ ಫೋನು. ಜಯಮ್ಮ ಈಗ ಇದನ್ನೆಲ್ಲ ಬೀದಿಗೆಲ್ಲ ಹೇಳುತ್ತಾರೆ, ಮೊದಲಿನಿಂದಲೂ ತಮಗೆ ಗೊತ್ತಿದ್ದ ಹಾಗೆ. ಮಹದೇವ ತಾರಸಿಯ ಒಂದು ಮೂಲೆಗೆ ನೆರಳಿಗೆಂದು ಹಸಿರು ಬಲೆ ಕಟ್ಟಿದ. ಊರಿನಲ್ಲಿ ನನಗೆ 'ಅತ್ತೆಗೆ ನೀರ್ ಉಯ್ದ ಅಳಿಯ' ಎಂಬ ಹೆಸರೂ ಬಂತು. ಟೀ ಅಂಗಡಿಯಲ್ಲಿ ಅದು ಯಾವ ಅರ್ಥ ಪಡೆಯುತ್ತದೆಂದು ನೀವೇ ಊಹಿಸಿಕೊಳ್ಳಿ.

ನನ್ನ ಮನಸ್ಸಿನಲ್ಲಿ ಮಾತ್ರ ಒಂದು ಪ್ರಶ್ನೆ ಉಳಿದಿತ್ತು. ಕುಡಿಯುವ ನೀರು ಅಡುಗೆಮನೆಯಲ್ಲಿ, ಮೆಟ್ಟಿಲಿಳಿದರೆ ಅಷ್ಟೇ ದೂರದಲ್ಲಿತ್ತು. ಅಷ್ಟು ಬಾಯಾರಿದ್ದರೂ ಅವರೇಕೆ ಇಳಿದು ಬರಲಿಲ್ಲ?

ಒಂದು ಭಾನುವಾರ ಮಿರ್ಲೆಗೆ ಹೋಗಿದ್ದೆವು. ಸವಿತ ಜಯಮ್ಮನ ಮನೆಗೆ ಹೋಗಿದ್ದಳು. ಅತ್ತೆ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು, ನಾನು ಹಜಾರದಲ್ಲಿದ್ದೆ, ನಡುವೆ ಬಾಗಿಲು. ಹತ್ತಿರದಲ್ಲಿ ಕರುವೂ ಇರಲಿಲ್ಲ. ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಅತ್ತೆ, ಅವತ್ತು ಅಷ್ಟು ಬಿಸಿಲಲ್ಲಿ ಒಂದು ಸಲ ಕೆಳಗೆ ಬಂದು ನೀರು ಕುಡಿದು ಹೋಗಬಾರದಿತ್ತೇ?"

ಕಾಯಿ ಸುಲಿಯುವ ಸದ್ದು ನಿಂತಿತು. ಎಂದಿನಂತೆ ಉತ್ತರ ಬರುವುದಿಲ್ಲವೆಂದುಕೊಂಡು ಪೇಪರು ಎತ್ತಿಕೊಂಡೆ.

"ಬಂದಿದ್ದೆ" ಎಂದಿತು ದನಿ. "ಬಾಗ್ಲ ತಂಕ ಬಂದಿದ್ದೆ. ನೀವು ಅಡ್ಡ ಮನ್ಗಿದ್ರಿ. ಮೈಮ್ಯಾಲೆ ಬನೀನೂ ಇರ್ನಿಲ್ಲ. ಎಂಗ್ ದಾಟಿ ಬರ್‍ಲಿ? ವಾಪಸ್ ಮ್ಯಾಲುಕ್ ಓದೆ."

ನನ್ನ ಕೈಯಲ್ಲಿದ್ದ ಪೇಪರಿನ ಅಕ್ಷರಗಳು ಕಲಸಿಕೊಂಡವು. ನಾನು ಗೊರಕೆ ಹೊಡೆಯುತ್ತಿದ್ದ ಹೊತ್ತಿನಲ್ಲಿ ಆ ಹೆಂಗಸು ಒಣಗಿದ ಬಾಯಲ್ಲಿ ಹೊಸ್ತಿಲವರೆಗೆ ಬಂದು ತಿರುಗಿ ಬಿಸಿಲಿಗೆ ಹೋಗಿದ್ದರು.

"ಇನ್ನು ಮೇಲೆ ಈ ಮನೆಯಲ್ಲಿ ಅಂಗಿ ಹಾಕಿಕೊಂಡೇ ಮಲಗುತ್ತೇನೆ ಅತ್ತೆ" ಎಂದೆ.

ಬಾಗಿಲ ಅಂಚಿನಲ್ಲಿ ಸೆರಗು ಹೊದ್ದ ಅರ್ಧ ಮುಖ ಕಾಣಿಸಿತು. ಒಂದು ಕಣ್ಣು ನನ್ನನ್ನು ನೋಡಿತು.

"ಬ್ಯಾಡಿ, ಸೆಕೆ ಆಯ್ತದೆ. ಆರಾಮಾಗ್ ಮನಿಕ್ಕಳಿ. ನಾನೇ ಕಣ್ಮುಚ್ಕಂಡು ಬಂದು ಕುಡ್ಕಂಡ್ ಓಯ್ತೀನಿ."